ಬೆಕ್ಕಿನ ಬಟ್ಟಲು: ತಿಂಡಿ ಧೈರ್ಯವಾಗಿ ಮಾಡಿ, ಊಟಕ್ಕೆ ಮಾತ್ರ ಸ್ವಲ್ಪ ತಡೆಯಿರಿ

ಕಳೆದ ಸಂಚಿಕೆಯಲ್ಲಿ, ಬೆಕ್ಕಿಗೆ ಮನೆಯಲ್ಲೇ ಏನಾದರೂ ಮಾಡಿ ಹಾಕುವವರಿದ್ದರೆ ಬರೆಯಿರಿ ಅಂತ ಒಂದೇ ಸಾಲು ಹಾಕಿದ್ದೆ. ಬಂದ ಪತ್ರ ನೋಡಿದರೆ ಎಲ್ಲರ ಅಡುಗೆಮನೆ ಬಾಗಿಲಲ್ಲೂ ಒಂದೊಂದು ಬೆಕ್ಕು ಕೂತಿದೆ ಅನ್ನಿಸಿತು. ಎಲ್ಲದಕ್ಕೂ ಜಾಗ ಸಾಲದು, ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿದ್ದೇನೆ. ನಾನು ಡಾಕ್ಟರ್ ಅಲ್ಲ, ಬೆಕ್ಕು ಸಾಕಿದವಳು. ತಪ್ಪು ಮಾಡಿ ಕಲಿತಿದ್ದೇ ಜಾಸ್ತಿ. ಅದರಲ್ಲಿ ಒಂದನ್ನು ಕೆಳಗೆ ಬರೆದೂ ಇದ್ದೇನೆ.

ಪ್ರಶ್ನೆ: ಅಕ್ಕಾ, ಪ್ಯಾಕೆಟ್ ಟ್ರೀಟ್ ತಂದು ತಂದು ಸಾಕಾಗಿದೆ. ಹಿಂದೆ ಬರೆದಿರುವ ಹೆಸರುಗಳಲ್ಲಿ ಅರ್ಧ ಓದೋಕೂ ಬರಲ್ಲ. ಮನೆಯಲ್ಲೇ ಮಾಡುವ ಸುಲಭದ ತಿಂಡಿ ಹೇಳಿ. ನಮ್ಮಲ್ಲಿ ಓವನ್ ಇಲ್ಲ.

ಓವನ್ ಬೇಡವೇ ಬೇಡ. ಮೂಳೆ, ಚರ್ಮ ತೆಗೆದ ಕೋಳಿಮಾಂಸದ ಒಂದು ತುಂಡು, ಅದು ಮುಳುಗುವಷ್ಟು ನೀರು, ಅಷ್ಟೇ. ಉಪ್ಪು ಬೇಡ, ಎಣ್ಣೆ ಬೇಡ, "ವಾಸನೆ ಹೋಗಲಿ" ಅಂತ ಏನನ್ನೂ ಹಾಕಬೇಡಿ. ಆ ವಾಸನೆಗೇ ಅಲ್ವಾ ಅದು ಓಡಿ ಬರುವುದು? ಒಳಗೆ ಎಲ್ಲೂ ಗುಲಾಬಿ ಬಣ್ಣ ಉಳಿಯದ ಹಾಗೆ ಬೇಯಿಸಿ. ಆರಿದ ಮೇಲೆ ಚಾಕು ತೆಗೆದುಕೊಳ್ಳಬೇಡಿ, ಕೈಯಲ್ಲೇ ಎಳೆ ಬಿಡಿಸಿ. ಮಾಂಸದ ಎಳೆ ಯಾವ ಕಡೆಗೆ ಹೋಗುತ್ತದೋ ಅದೇ ಕಡೆಗೆ ಎಳೆದರೆ ದಾರದ ಹಾಗೆ ಬಿಟ್ಟುಕೊಂಡು ಬರುತ್ತದೆ. ಅದನ್ನು ಬೆಂಕಿಕಡ್ಡಿಯ ಅರ್ಧದಷ್ಟು ತುಂಡು ಮಾಡಿ. ಹಾಗೇ ಕೊಡಬಹುದು.

ಕುರುಂ ಕುರುಂ ಅನ್ನಬೇಕು ಅಂದರೆ ದಪ್ಪ ತಳದ ಕಾವಲಿಯನ್ನು ತೀರಾ ಸಣ್ಣ ಉರಿಯಲ್ಲಿಟ್ಟು, ಈ ಎಳೆಗಳನ್ನು ಒಂದರ ಮೇಲೊಂದು ಬೀಳದ ಹಾಗೆ ಹರಡಿ, ಆಗಾಗ ಮಗುಚುತ್ತಾ ಒಣಗಿಸಿ. ಅರ್ಧ ಗಂಟೆ ಬೇಕಾಗುತ್ತದೆ, ಫೋನ್ ನೋಡುತ್ತಾ ನಿಂತರೆ ಸೀದುಹೋಗುತ್ತದೆ. ಬೆರಳಲ್ಲಿ ಬಗ್ಗಿಸಿದಾಗ ಲಟಕ್ಕನೆ ಮುರಿದರೆ ಆಯಿತು. ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ, ಮೂರು ದಿನದಲ್ಲಿ ಮುಗಿಸಿ. ಪ್ಯಾಕೆಟ್ಟಿನದರ ಹಾಗೆ ತಿಂಗಳುಗಟ್ಟಲೆ ಹೊರಗಿಡುವ ವಸ್ತು ಅಲ್ಲ ಇದು.

ಬೇಯಿಸಿದ ನೀರನ್ನು ಚೆಲ್ಲಬೇಡಿ. ತಣ್ಣಗಾದ ಮೇಲೆ ಮೇಲಿನ ಕೊಬ್ಬು ತೆಗೆದು ಐಸ್ ಟ್ರೇಗೆ ಸುರಿದು ಫ್ರೀಜರಿನಲ್ಲಿಡಿ. ದಿನಕ್ಕೊಂದು ಗಟ್ಟಿ ಕರಗಿಸಿ ಬಟ್ಟಲಿಗೆ ಹಾಕಿದರೆ, ನೀರೇ ಕುಡಿಯದ ಬೆಕ್ಕಿನ ಹೊಟ್ಟೆಗೂ ಸ್ವಲ್ಪ ನೀರು ಹೋಗುತ್ತದೆ. ಒಣ ಕ್ಯಾಟ್ ಫುಡ್‌ನಲ್ಲಿ ನೀರಿನಂಶ ನೂರಕ್ಕೆ ಹತ್ತರ ಆಸುಪಾಸು ಮಾತ್ರ, ಡಬ್ಬಿಯ ಮೆತ್ತನೆಯದರಲ್ಲಿ 75ರ ಮೇಲೆ. ಬರೀ ಒಣದ್ದನ್ನೇ ತಿನ್ನುವ ಬೆಕ್ಕಿಗೆ, ಅದರಲ್ಲೂ ಮೂತ್ರ ಕಟ್ಟಿಕೊಳ್ಳುವ ಭಯ ಹೆಚ್ಚಿರುವ ಗಂಡಿಗೆ, ಈ ಗಟ್ಟಿ ಒಳ್ಳೆಯ ಉಪಾಯ.

ಎಷ್ಟು ಕೊಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮನೆಯೊಳಗೇ ಇರುವ ನಾಲ್ಕು ಕೆಜಿ ಬೆಕ್ಕಿಗೆ ದಿನಕ್ಕೆ ಬೇಕಾಗುವುದು ಸುಮಾರು 200ರಿಂದ 250 ಕ್ಯಾಲೊರಿ. ತಿಂಡಿ ಅದರಲ್ಲಿ ಹತ್ತನೇ ಒಂದು ಪಾಲು ಮೀರಬಾರದು, ಅಂದರೆ 20-25 ಕ್ಯಾಲೊರಿ. ಬೇಯಿಸಿದ ಕೋಳಿ ಎದೆಮಾಂಸದ ಲೆಕ್ಕದಲ್ಲಿ ಅದು 15 ಗ್ರಾಂ. ತೂಗಿ ನೋಡಿ, ಅಂಗೈ ನಡುವಿನ ಗುಳಿಯಲ್ಲಿ ಕೂತುಬಿಡುತ್ತದೆ. ನಮಗೆ ಒಂದು ತುತ್ತು, ಅದಕ್ಕೆ ಇಡೀ ದಿನದ ತಿಂಡಿ. ಮನೆಯಲ್ಲಿ ನಾಲ್ಕು ಜನ ಇದ್ದು ನಾಲ್ಕು ಜನರೂ "ಪಾಪ, ಒಂದೇ ಒಂದು" ಅಂತ ಕೊಟ್ಟರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಬೆಳಿಗ್ಗೆಯೇ ಆ ದಿನದ ಪಾಲನ್ನು ಒಂದು ಚಿಕ್ಕ ಡಬ್ಬಿಗೆ ಹಾಕಿಡಿ. ಖಾಲಿ ಆದರೆ ಮುಗಿಯಿತು.

ಪ್ರಶ್ನೆ: ನಮ್ಮ ಬೆಕ್ಕಿಗೆ ಮುಂದಿನ ತಿಂಗಳು ಒಂದು ವರ್ಷ. ಕೇಕ್ ಮಾಡಬೇಕು ಅಂತ ಮಗಳ ಹಟ. ಸಕ್ಕರೆ ಬದಲು ಬೆಲ್ಲ ಹಾಕಬಹುದಾ?

ಎರಡೂ ಬೇಡ, ಹಾಕಿದರೂ ಅದಕ್ಕೆ ಗೊತ್ತಾಗಲ್ಲ. ನಿಜವಾಗಿಯೂ. ಸಿಹಿ ಗುರುತಿಸುವ ನಾಲಿಗೆಯ ಭಾಗಕ್ಕೆ ಎರಡು ಜೀನ್ ಜೊತೆಯಾಗಿ ಕೆಲಸ ಮಾಡಬೇಕು, ಬೆಕ್ಕಿನ ಜಾತಿಯಲ್ಲಿ ಅದರಲ್ಲಿ ಒಂದು ಕೆಟ್ಟು ಕೂತಿದೆ. ಹುಲಿ, ಚಿರತೆಗೂ ಅಷ್ಟೇ. ಅಮೆರಿಕದ ಮೊನೆಲ್ ಸಂಸ್ಥೆಯವರು 2005ರಲ್ಲಿ ಇದನ್ನು ಕಂಡುಹಿಡಿದರು. ಐಸ್ ಕ್ರೀಮ್ ನೆಕ್ಕುವ ಬೆಕ್ಕು ಇದೆ ಅಂತೀರಿ, ಅದು ಹೋಗುವುದು ಕೊಬ್ಬಿನ ಆಸೆಗೆ.

ಮಗಳಿಗೆ ಬೇಸರ ಮಾಡಬೇಡಿ. ಮುಳ್ಳು ತೆಗೆದ ಬೆಂದ ಮೀನು ಎರಡು ಚಮಚ, ಒಂದು ಮೊಟ್ಟೆ, ಎರಡನ್ನೂ ಕಲಸಿ ಚಿಕ್ಕ ಬಟ್ಟಲಲ್ಲಿ ಹತ್ತು-ಹನ್ನೆರಡು ನಿಮಿಷ ಹಬೆಯಲ್ಲಿ ಬೇಯಿಸಿ, ಬೋರಲು ಹಾಕಿದರೆ ಕೇಕಿನ ಆಕಾರ ಬರುತ್ತದೆ. ಕಾಲು ಭಾಗ ಅವತ್ತಿಗೆ, ಉಳಿದದ್ದು ಫ್ರಿಜ್ಜಿಗೆ. ಮೇಣದಬತ್ತಿ ಫೋಟೋ ತೆಗೆಯುವ ತನಕ ಮಾತ್ರ, ಮೀಸೆ ಸುಟ್ಟುಕೊಂಡೀತು.

ಪ್ರಶ್ನೆ: ಎರಡು ತಿಂಗಳಿಂದ ಕ್ಯಾಟ್ ಫುಡ್ ಪೂರ್ತಿ ನಿಲ್ಲಿಸಿ, ಬೇಯಿಸಿದ ಕೋಳಿ ಎದೆಮಾಂಸ ಮತ್ತು ಅನ್ನ ಕೊಡುತ್ತಿದ್ದೇನೆ. ಕೂದಲು ಮಿರಮಿರ ಮಿನುಗುತ್ತಿದೆ, ಚಟುವಟಿಕೆಯಿಂದ ಇದೆ. ಶುದ್ಧವಾದ ಮನೆಯೂಟ. ಇದರಲ್ಲಿ ತಪ್ಪೇನಾದರೂ ಇದೆಯಾ?

ಇದೆ. ನೀವು ಪ್ರೀತಿಯಿಂದ ಮಾಡುತ್ತಿದ್ದೀರಿ ಅಂತ ಗೊತ್ತು, ಆದರೆ ಇದಕ್ಕೆ ಉತ್ತರ ಬೆಣ್ಣೆ ಸವರಿ ಹೇಳುವುದಲ್ಲ. ಇವತ್ತೇ ಬದಲಾಯಿಸಲು ಶುರು ಮಾಡಿ.

ಎರಡು ತಿಂಗಳಲ್ಲಿ ಏನೂ ಕಾಣಿಸದೇ ಇರುವುದೇ ಇದರ ತೊಂದರೆ. ಟಾರಿನ್ ಅಂತ ಒಂದು ವಸ್ತು ಇದೆ, ಮಾಂಸದಲ್ಲಿ ಸಿಗುತ್ತದೆ. ನಮ್ಮ ದೇಹ ಅದನ್ನು ತಾನೇ ಮಾಡಿಕೊಳ್ಳುತ್ತದೆ, ನಾಯಿಯದೂ ಬಹುಮಟ್ಟಿಗೆ ಮಾಡಿಕೊಳ್ಳುತ್ತದೆ. ಬೆಕ್ಕಿಗೆ ಬೇಕಾದಷ್ಟು ಮಾಡಿಕೊಳ್ಳಲು ಬರುವುದಿಲ್ಲ, ಬಾಯಿಂದಲೇ ಬರಬೇಕು. ಸಾಲದೇ ಹೋದರೆ ಕಣ್ಣಿನ ಹಿಂಬದಿಯ ಪರದೆ ಹಾಳಾಗುತ್ತದೆ, ಇದು 1975ರಲ್ಲೇ ಗೊತ್ತಾಗಿತ್ತು. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ಪಾಲ್ ಪಿಯಾನ್ ಮತ್ತು ಜೊತೆಯವರು ಇನ್ನೊಂದನ್ನು ತೋರಿಸಿದರು. ಹೃದಯ ಊದಿ, ಗೋಡೆ ತೆಳುವಾಗಿ ಸಾಯುತ್ತಿದ್ದ ಬೆಕ್ಕುಗಳ ರಕ್ತದಲ್ಲಿ ಟಾರಿನ್ ಕಡಿಮೆ ಇತ್ತು, ಕೊಟ್ಟ ಮೇಲೆ ಹೃದಯ ಚೇತರಿಸಿಕೊಂಡಿತು. ಅವು ಬೀದಿಯಲ್ಲಿ ಉಪವಾಸ ಇದ್ದ ಬೆಕ್ಕುಗಳಲ್ಲ, ಪ್ಯಾಕೆಟ್ ಆಹಾರ ತಿನ್ನುತ್ತಿದ್ದವು. ಆಮೇಲೆ ಕಂಪನಿಗಳು ಟಾರಿನ್ ಪ್ರಮಾಣ ಹೆಚ್ಚಿಸಿದವು. ಅಷ್ಟು ದೊಡ್ಡ ಕಾರ್ಖಾನೆಗಳೇ ಎಡವಿದ ಜಾಗ ಇದು. ನಾವು ನೀವು ಕುಕ್ಕರ್ ಇಟ್ಟುಕೊಂಡು ಅಂದಾಜಿನ ಮೇಲೆ ಹೋಗುವುದು ಹೇಗೆ?

ನೀವು ಆರಿಸಿರುವ ಎದೆಮಾಂಸದಲ್ಲಿ ಟಾರಿನ್ ಕಡಿಮೆ. ತೊಡೆಯ ಕಪ್ಪು ಮಾಂಸದಲ್ಲಿ ಹೆಚ್ಚು, ಗುಂಡಿಗೆಯಲ್ಲಿ ಇನ್ನೂ ಹೆಚ್ಚು. ಸಾಲದ್ದಕ್ಕೆ ಟಾರಿನ್ ನೀರಲ್ಲಿ ಕರಗುತ್ತದೆ. ಬೇಯಿಸಿದ ನೀರು ಸಿಂಕಿಗೆ ಹೋಯಿತು ಅಂದರೆ ಅದರ ಜೊತೆ ಇದೂ ಹೋಯಿತು.

ಎರಡನೆಯದು ಕ್ಯಾಲ್ಸಿಯಂ. ಇಲಿಯನ್ನು ಬೆಕ್ಕು ಮೂಳೆ ಸಮೇತ ತಿನ್ನುತ್ತದೆ. ನಾವು ಮೂಳೆ ತೆಗೆದು ಬರೀ ಮಾಂಸ ಕೊಡುತ್ತೇವೆ. ಮಾಂಸದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹದಿನೈದು-ಇಪ್ಪತ್ತು ಪಟ್ಟು ಜಾಸ್ತಿ, ಬೆಕ್ಕಿಗೆ ಬೇಕಾದದ್ದು ಎರಡೂ ಹೆಚ್ಚುಕಡಿಮೆ ಸಮಸಮ. ಕೊರತೆಯನ್ನು ದೇಹ ತನ್ನ ಮೂಳೆಯಿಂದಲೇ ತೆಗೆದು ತುಂಬಿಸಿಕೊಳ್ಳುತ್ತದೆ. ಮರಿಗಳಲ್ಲಿ ಇದು ಬೇಗ ಗೊತ್ತಾಗುತ್ತದೆ, ಕುರ್ಚಿಯಿಂದ ಹಾರಿದರೆ ಸಾಕು ಕಾಲು ಮುರಿಯುತ್ತದೆ. "ಹಾಗಾದರೆ ಬೇಯಿಸಿದ ಮೂಳೆಯನ್ನೇ ಹಾಕುತ್ತೇನೆ" ಅಂತ ದಯವಿಟ್ಟು ಹೊರಡಬೇಡಿ, ಬೆಂದ ಮೂಳೆ ಚೂಪಾಗಿ ಸೀಳಿ ಗಂಟಲಲ್ಲಿ, ಕರುಳಲ್ಲಿ ಚುಚ್ಚಿಕೊಳ್ಳುತ್ತದೆ. ಮೊಟ್ಟೆಚಿಪ್ಪಿನ ನುಣ್ಣನೆ ಪುಡಿಯಲ್ಲಿ ಕ್ಯಾಲ್ಸಿಯಂ ಇರುವುದು ನಿಜ, ಒಂದು ಟೀ ಚಮಚದಲ್ಲಿ ಸುಮಾರು ಎರಡು ಗ್ರಾಂ. ಆದರೆ ಅದು ಒಂದು ತೂತನ್ನು ಮಾತ್ರ ಮುಚ್ಚುತ್ತದೆ. ಇನ್ನು ಅಯೋಡಿನ್, ವಿಟಮಿನ್ ಇ, ಡಿ, ಸತು, ಪಟ್ಟಿ ಉದ್ದ ಇದೆ.

ಅನ್ನದ ವಿಷಯ. ಒಂದೆರಡು ಚಮಚದಿಂದ ಏನೂ ಆಗಲ್ಲ, ಆದರೆ ಹೊಟ್ಟೆ ತುಂಬಿಸಲು ಹಾಕುವಂಥದ್ದಲ್ಲ. ಬೆಕ್ಕಿನ ದೇಹ ಪ್ರೋಟೀನನ್ನೇ ಉರಿಸುತ್ತಾ ಇರುತ್ತದೆ, ಕಡಿಮೆ ಬಂದರೂ ಆ ಉರಿ ತಗ್ಗುವುದಿಲ್ಲ.

ಇಂಟರ್ನೆಟ್‌ನಲ್ಲಿ ಸಿಗುವ ರೆಸಿಪಿ ನೋಡಿ ಮಾಡುತ್ತೇನೆ ಅಂತ ಇನ್ನೂ ಮೂರು ಜನ ಬರೆದಿದ್ದಾರೆ, ಅವರಿಗೂ ಇದೇ ಉತ್ತರ. ಅದೇ ಡೇವಿಸ್‌ನವರು ಪುಸ್ತಕ ಮತ್ತು ವೆಬ್‌ಸೈಟ್‌ಗಳಿಂದ ಬೆಕ್ಕಿನ ಮನೆಯಡುಗೆಯ 114 ರೆಸಿಪಿ ಒಟ್ಟುಮಾಡಿ 2019ರಲ್ಲಿ ವರದಿ ಕೊಟ್ಟರು. ಲೆಕ್ಕ ಹಾಕುವಷ್ಟು ವಿವರ ಇದ್ದದ್ದು 94ರಲ್ಲಿ. ಆ 94ರಲ್ಲಿ ಎಲ್ಲ ಪೋಷಕಾಂಶವೂ ಬೇಕಾದಷ್ಟು ಇದ್ದದ್ದು ಒಂದರಲ್ಲೂ ಇಲ್ಲ. ಪಶುವೈದ್ಯರು ಬರೆದ ರೆಸಿಪಿಗಳೂ ಅದರಲ್ಲಿದ್ದವು.

ಮನೆಯಡುಗೆಯೇ ಆಗಬೇಕು ಅಂತ ನಿಮಗೆ ಹಟ ಇದ್ದರೆ, ಪ್ರಾಣಿಗಳ ಪೋಷಣೆಯಲ್ಲೇ ಪರಿಣತಿ ಇರುವ ವೈದ್ಯರಿಂದ ನಿಮ್ಮ ಬೆಕ್ಕಿನ ತೂಕ, ವಯಸ್ಸು, ರಕ್ತಪರೀಕ್ಷೆ ನೋಡಿ ಬರೆಸಿಕೊಳ್ಳಿ. ಅದರಲ್ಲಿ ಸೇರಿಸಬೇಕಾದ ಪುಡಿಗಳನ್ನು ಗ್ರಾಂ ಲೆಕ್ಕದಲ್ಲಿ ಕೊಟ್ಟಿರುತ್ತಾರೆ, ಅದನ್ನು ಬಿಟ್ಟು ಬರೀ ಮಾಂಸದ ಭಾಗ ಮಾಡಿದರೆ ಪ್ರಯೋಜನ ಇಲ್ಲ. ಅಲ್ಲಿಯ ತನಕ, ಸಂಪೂರ್ಣ ಆಹಾರ ಅಂತ ಬರೆದಿರುವ ಕ್ಯಾಟ್ ಫುಡ್ ಊಟಕ್ಕೆ, ನಿಮ್ಮ ಕೋಳಿ ತಿಂಡಿಗೆ. ಬದಲಾವಣೆ ಒಂದೇ ದಿನ ಬೇಡ, ಏಳರಿಂದ ಹತ್ತು ದಿನ ಹಳೆಯದರ ಜೊತೆ ಹೊಸದನ್ನು ಬೆರೆಸುತ್ತಾ ಹೋಗಿ. ಡಾಕ್ಟರ್ ಹತ್ತಿರ ಹೋದಾಗ ಈ ಎರಡು ತಿಂಗಳ ಊಟದ ವಿಷಯ ಮುಚ್ಚಿಡದೆ ಹೇಳಿ.

ಪ್ರಶ್ನೆ: ಕಾಡುಬೆಕ್ಕು ಬೇಯಿಸಿ ತಿನ್ನುತ್ತದಾ? ಹಸಿಮಾಂಸವೇ ಅದರ ನಿಜವಾದ ಆಹಾರ ಅಂತ ನನ್ನ ಸ್ನೇಹಿತ ವಾದ ಮಾಡುತ್ತಾನೆ.

ಕಾಡುಬೆಕ್ಕು ಆಗತಾನೇ ಕೊಂದದ್ದನ್ನು ತಿನ್ನುತ್ತದೆ. ಕತ್ತರಿಸಿ, ಸಾಗಿಸಿ, ಎಷ್ಟೋ ಕೈ ದಾಟಿ ಬಂದ ಮಾಂಸವನ್ನಲ್ಲ.

ನಿಮ್ಮ ಸ್ನೇಹಿತ ಅಮೆರಿಕದ ಡಾಕ್ಟರ್ ಫ್ರಾನ್ಸಿಸ್ ಪಾಟೆಂಜರ್ ಹೆಸರು ಎತ್ತಿರಬೇಕು, ಈ ವಾದ ಮಾಡುವವರು ಅಲ್ಲಿಗೇ ಬಂದು ನಿಲ್ಲುತ್ತಾರೆ. 1932ರಿಂದ ಹತ್ತು ವರ್ಷ ಅವರು ಬೆಕ್ಕುಗಳಿಗೆ ಹಸಿ ಮತ್ತು ಬೇಯಿಸಿದ ಮಾಂಸ ಕೊಟ್ಟು ನೋಡಿದ್ದು, ಬೇಯಿಸಿದ್ದು ತಿಂದವು ಸೊರಗಿದ್ದು, ಎಲ್ಲ ಹೌದು. ಆದರೆ ಬೆಕ್ಕಿಗೆ ಟಾರಿನ್ ಹೊರಗಿನಿಂದಲೇ ಬರಬೇಕು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಇವತ್ತು ಅದನ್ನು ಹಿಡಿದುಕೊಂಡು "ಬೇಯಿಸಿದ್ದು ವಿಷ" ಅನ್ನುವುದು ಸರಿಯಲ್ಲ.

ಇತ್ತೀಚಿನದು ಹೇಳುತ್ತೇನೆ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಒರೆಗಾನ್‌ನಲ್ಲಿ, ಮನೆಯಿಂದ ಆಚೆಗೇ ಹೋಗದ ಒಂದು ಬೆಕ್ಕು ಹಕ್ಕಿಜ್ವರದಿಂದ ಸತ್ತಿತು. ಅದು ತಿಂದಿದ್ದ ಫ್ರೀಜರಿನ ಹಸಿಮಾಂಸದ ಆಹಾರದಲ್ಲೂ ಅದೇ ವೈರಸ್ ಸಿಕ್ಕಿತು. ಫ್ರೀಜ್ ಮಾಡಿದರೆ ಎಲ್ಲ ಸಾಯುತ್ತದೆ ಅನ್ನುವ ನಂಬಿಕೆ ಅಲ್ಲಿಗೆ ಮುಗಿಯಿತು. ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇದೆ, ಅದು ಬೆಕ್ಕಿಗಿಂತ ಬಟ್ಟಲು ತೊಳೆಯುವ ನಿಮಗೆ ಜಾಸ್ತಿ ಕಾಟ ಕೊಡುತ್ತದೆ. ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಜೀವಿ ಇದೆ. ಮನೆಯಲ್ಲಿ ಗರ್ಭಿಣಿ, ಪುಟ್ಟ ಮಗು, ವಯಸ್ಸಾದವರು ಇದ್ದರೆ ಈ ಚರ್ಚೆಯೇ ಬೇಡ. ಬೇಯಿಸಿ.

ಪ್ರಶ್ನೆ: ನನ್ನ ಬೆಕ್ಕು ಮೀನು ಬಿಟ್ಟು ಬೇರೆ ಏನನ್ನೂ ಮೂಸಿಯೂ ನೋಡಲ್ಲ. ಬೆಕ್ಕು ಅಂದಮೇಲೆ ಮೀನು ತಿಂದರೆ ತಪ್ಪೇನು?

ಮೇಲೆ ಹೇಳಿದ ನನ್ನ ತಪ್ಪು ಇದೇ.

ಹಿಂದೆ ನನ್ನ ಹತ್ತಿರ ಮಿಂಚಿ ಅಂತ ಒಂದು ಬೂದುಬಣ್ಣದ ಬೆಕ್ಕಿತ್ತು. ಸಣ್ಣ ಮೀನು ತಂದಾಗ ತೊಳೆಯುತ್ತಾ ತೊಳೆಯುತ್ತಾ ಅದಕ್ಕೆ ನಾಲ್ಕು ಹಸಿದನ್ನೇ ಎಸೆಯುವುದು ನನ್ನ ಅಭ್ಯಾಸ. ನಾಲ್ಕು ಹತ್ತಾಯಿತು. ಬರುಬರುತ್ತಾ ಅದು ಬೇರೆ ಬಟ್ಟಲಿನ ಕಡೆ ತಿರುಗುವುದನ್ನೇ ಬಿಟ್ಟಿತು, ನಾನೂ "ತಿನ್ನಲಿ ಬಿಡು" ಅಂತ ಸುಮ್ಮನಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಬಾಗಿಲ ಹತ್ತಿರ ತಲೆ ಬಗ್ಗಿಸಿ ಕೂತಿದೆ. ಏನೋ ಹುಳ ನೋಡುತ್ತಿದೆ ಅಂದುಕೊಂಡೆ. ಕರೆದರೆ ತಲೆ ಎತ್ತಲಿಲ್ಲ, ಎತ್ತಲು ಆಗುತ್ತಿರಲಿಲ್ಲ. ಗಲ್ಲ ಎದೆಗೆ ಅಂಟಿಕೊಂಡಿತ್ತು. ಎದ್ದು ನಡೆದರೆ ಹಿಂಗಾಲು ಅಡ್ಡಾದಿಡ್ಡಿ.

ಡಾಕ್ಟರ್ ಮುಟ್ಟುವ ಮೊದಲೇ ಕೇಳಿದ್ದು, "ಏನು ಹಾಕುತ್ತೀರಿ?" ನಾನು ಮೀನು ಅಂದೆ. "ಹಸಿದಾ?" ಅಂದರು. ಅಷ್ಟಕ್ಕೇ ಅವರಿಗೆ ಗೊತ್ತಾಗಿತ್ತು. ಕೆಲವು ಹಸಿಮೀನಿನಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್ನನ್ನು ಮುರಿದುಹಾಕುವ ಒಂದು ಕಿಣ್ವ ಇರುತ್ತದೆ. ಬೇಯಿಸಿದರೆ ಆ ಕಿಣ್ವ ನಾಶವಾಗುತ್ತದೆ. ದಿನಾ ಹಸಿಯಾಗಿ ತಿಂದರೆ ನರಗಳಿಗೆ ಪೆಟ್ಟು ಬೀಳುತ್ತದೆ, ಕತ್ತು ಹೀಗೆ ಕೆಳಗೆ ಬಾಗುವುದು ಅದರ ಗುರುತು, ಮುಂದೆ ಫಿಟ್ಸ್ ಬರುತ್ತದೆ. ಬಿ1 ಇಂಜೆಕ್ಷನ್ ಕೊಟ್ಟರು. ಮಾರನೇ ದಿನ ಸಂಜೆ ಅದು ತಲೆ ಎತ್ತಿ ನನ್ನನ್ನು ನೋಡಿದ್ದು ಈಗಲೂ ಕಣ್ಣಲ್ಲಿದೆ. ಸ್ವಲ್ಪ ತಡವಾಗಿದ್ದರೆ ಕಥೆ ಬೇರೆ ಇತ್ತು.

ಹಾಗಾಗಿ ಮೀನು ಬೇಯಿಸಿ, ಮುಳ್ಳು ತೆಗೆದು, ವಾರಕ್ಕೆ ಒಂದೆರಡು ಸಲ ತಿಂಡಿಯಾಗಿ ಕೊಡಿ. ಟ್ಯೂನಾದಂಥ ದೊಡ್ಡ ಮೀನಿನಲ್ಲಿ ಪಾದರಸ ಸೇರಿಕೊಂಡಿರುತ್ತದೆ, ನಮಗಾಗಿ ಮಾಡಿದ ಡಬ್ಬಿಯಲ್ಲಿ ಉಪ್ಪು ಬೇರೆ. ಚಟ ಬಿಡಿಸಲು ಉಪವಾಸ ಕೆಡವಬೇಡಿ, ಏಕೆ ಅಂತ ಕೊನೆಯಲ್ಲಿ ಇದೆ. ಹೊಸ ಊಟಕ್ಕೆ ಬೆಂದ ಮೀನಿನ ನೀರು ಒಂದು ಚಮಚ ಚಿಮುಕಿಸಿ, ದಿನೇ ದಿನೇ ಅದನ್ನು ಕಡಿಮೆ ಮಾಡಿ. ಮೂರು ವಾರ ಹಿಡಿಯಬಹುದು.

ಪ್ರಶ್ನೆ: ನಾವು ಮನೆಯಲ್ಲಿ ಮಾಂಸ ತರುವುದಿಲ್ಲ. ಬೆಕ್ಕನ್ನೂ ಸಸ್ಯಾಹಾರಕ್ಕೆ ಒಗ್ಗಿಸಬಹುದಾ? ತಿಂಡಿ ಏನು ಕೊಡಲಿ?

ಮನೆ ಅಡುಗೆಯಲ್ಲಿ ಒಗ್ಗಿಸಲು ಆಗುವುದಿಲ್ಲ. ಟಾರಿನ್ ಕಥೆ ಮೇಲೆ ಬಂತು. ಕ್ಯಾರೆಟ್‌ನಿಂದ ವಿಟಮಿನ್ ಎ ಮಾಡಿಕೊಳ್ಳಲು ನಮಗೆ ಬರುತ್ತದೆ, ಬೆಕ್ಕಿಗೆ ಬರಲ್ಲ, ಪ್ರಾಣಿಮೂಲದಿಂದ ರೆಡಿಯಾಗಿಯೇ ಬರಬೇಕು. ಆದರೆ ನಿಮ್ಮ ಪಾತ್ರೆಯಲ್ಲಿ ನೀವು ಮಾಂಸ ಬೇಯಿಸಬೇಕಾಗಿಲ್ಲ ಅಲ್ವಾ? ಸಂಪೂರ್ಣ ಆಹಾರದ ಪ್ಯಾಕೆಟ್ ತಂದು, ಅದಕ್ಕೆ ಬೇರೆ ಬಟ್ಟಲು, ಬೇರೆ ಚಮಚ ಇಟ್ಟುಕೊಂಡರೆ ಆಯಿತು. ಅದೂ ಒಪ್ಪದ ಮನೆಯಾದರೆ ಮೊಲವೋ ಗಿಳಿಯೋ ಸಾಕುವುದು ಒಳ್ಳೆಯದು. ಖಾರವಾಗಿ ಹೇಳಿದೆ, ಹೇಳಲೇಬೇಕಿತ್ತು.

ತಿಂಡಿಗೆ ದಾರಿ ಇದೆ. ಮೊಟ್ಟೆ ನಡೆಯುವುದಾದರೆ ಬೇಯಿಸಿದ ಮೊಟ್ಟೆಯ ಕಾಲು ಭಾಗ, ಸುಮಾರು 20 ಕ್ಯಾಲೊರಿ. ಅರ್ಧ ಚಮಚ ಬೇಯಿಸಿದ ಕುಂಬಳಕಾಯಿಯನ್ನು ಕೆಲವು ಬೆಕ್ಕು ನೆಕ್ಕುತ್ತವೆ. ಒಂದು ಹಿಡಿ ಗೋಧಿಯನ್ನು ರಾತ್ರಿ ನೆನೆಸಿ, ತಟ್ಟೆಯಲ್ಲಿ ತೆಳುವಾಗಿ ಮಣ್ಣು ಹರಡಿ ಬಿತ್ತಿ, ವಾರ-ಹತ್ತು ದಿನದಲ್ಲಿ ಬೆರಳುದ್ದ ಹುಲ್ಲು ಬರುತ್ತದೆ, ಅದನ್ನು ಕಡಿಯುವುದು ಅವಕ್ಕೆ ಬಲು ಇಷ್ಟ. ಆಮೇಲೆ ಒಂದೊಂದು ಸಲ ವಾಂತಿ ಮಾಡುತ್ತವೆ, ಗಾಬರಿ ಬೇಡ, ಚಾಪೆ ಮಾತ್ರ ಎತ್ತಿಡಿ.

ಪ್ರಶ್ನೆ: ಹಾಲು?

ಬೇಡ. ತಾಯಿಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಬಹಳ ಬೆಕ್ಕುಗಳಲ್ಲಿ ಕಡಿಮೆಯಾಗುತ್ತದೆ, ಬೇಧಿ ಆಗುತ್ತದೆ. ತಾಯಿಯಿಲ್ಲದ ಮರಿಗೂ ಹಸುವಿನ ಹಾಲು ಸಾಲದು, ಬೆಕ್ಕಿನ ಮರಿಗೆ ಅಂತಲೇ ಬರುವ ಹಾಲಿನ ಪುಡಿ ತನ್ನಿ.

ಪ್ರಶ್ನೆ: ನಾವು ತಿನ್ನುವ ಕೋಳಿಯಲ್ಲೇ ನಾಲ್ಕು ತುಂಡು ನೀರಲ್ಲಿ ತೊಳೆದು ಕೊಡುತ್ತೇನೆ. ಮಸಾಲೆ ಹೋಗುತ್ತದಲ್ಲ?

ಖಾರ ಹೋಗಬಹುದು, ಈರುಳ್ಳಿ ಬೆಳ್ಳುಳ್ಳಿ ಹೋಗುವುದಿಲ್ಲ. ಅವೆರಡೂ ಬೆಕ್ಕಿನ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಹಸಿ, ಬೆಂದದ್ದು, ಒಣಪುಡಿ, ಯಾವ ರೂಪದಲ್ಲಾದರೂ ಸರಿ. ಒಂದು ಕೆಜಿ ತೂಕಕ್ಕೆ 5 ಗ್ರಾಂ ಈರುಳ್ಳಿಗೇ ರಕ್ತದಲ್ಲಿ ವ್ಯತ್ಯಾಸ ಕಾಣಿಸುತ್ತದೆ, ಅಂದರೆ ನಾಲ್ಕು ಕೆಜಿ ಬೆಕ್ಕಿಗೆ 20 ಗ್ರಾಂ ಸಾಕು. ಬೆಳ್ಳುಳ್ಳಿ ಅದಕ್ಕಿಂತ ಜೋರು. ಒಂದೇ ದಿನ ತಿನ್ನಬೇಕು ಅಂತಲೂ ಇಲ್ಲ, ದಿನಾ ಚೂರು ಚೂರು ಹೋದರೂ ಅದೇ ಪಾಡು. ಒಸಡು ಬಿಳಿಚಿಕೊಂಡು, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ತಡಮಾಡದೆ ಡಾಕ್ಟರ್ ಹತ್ತಿರ ಓಡಿ. ಇನ್ನು ಮೇಲೆ ನಿಮ್ಮ ಬಾಣಲೆಗೆ ಹಾಕುವ ಮೊದಲೇ ಅದರ ಪಾಲು ತೆಗೆದಿಡಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟು, ಕಾಫಿ, ಟೀ, ಹುದುಗು ಬಂದ ಹಿಟ್ಟು, ಇವೂ ದೂರ ಇರಲಿ.

ಲಿವರ್ ಬಗ್ಗೆ ಇಬ್ಬರು ಕೇಳಿದ್ದಾರೆ. ವಿಷ ಅಲ್ಲ, ಆದರೆ ವಾರಕ್ಕೊಮ್ಮೆ ಹೆಬ್ಬೆರಳ ಉಗುರಿನಷ್ಟು ತುಂಡು ಸಾಕು. ದಿನಾ ಕೊಟ್ಟರೆ ವಿಟಮಿನ್ ಎ ವಿಪರೀತವಾಗಿ, ವರ್ಷ ಕಳೆಯುವಷ್ಟರಲ್ಲಿ ಕತ್ತಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ಅದಕ್ಕೆ ತಿರುಗಿ ತನ್ನ ಬೆನ್ನು ನೆಕ್ಕಿಕೊಳ್ಳಲೂ ಆಗುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ಮಾಡಿ ಮುಂದಿಟ್ಟರೆ ಮೂಸಿ, ಬಟ್ಟಲ ಸುತ್ತ ನೆಲ ಕೆರೆದು, ಮಣ್ಣು ಮುಚ್ಚುವವರ ಹಾಗೆ ಮಾಡಿ ಹೊರಟುಹೋಗುತ್ತದೆ. ಅವಮಾನ ಆಗುತ್ತದೆ ಅಕ್ಕಾ.

ನಿಮ್ಮ ಅಡುಗೆಗೆ ಮಾರ್ಕ್ಸ್ ಕೊಟ್ಟಿದ್ದಲ್ಲ ಅದು. ಈಗ ಬೇಡದ ಆಹಾರವನ್ನು ಬೇರೆ ಪ್ರಾಣಿಗೆ ವಾಸನೆ ಸಿಗದ ಹಾಗೆ ಮುಚ್ಚಿಡುವ ಹಳೆಯ ಅಭ್ಯಾಸ, ಟೈಲ್ಸ್ ಮೇಲೂ ಬಿಟ್ಟಿಲ್ಲ.

ಫ್ರಿಜ್ಜಿನಿಂದ ತೆಗೆದು ತಣ್ಣಗಿರುವುದನ್ನೇ ಇಟ್ಟಿದ್ದೀರಾ? ಬಹಳ ಜನ ಮಾಡುವ ತಪ್ಪು ಅದು. ಆಗತಾನೇ ಹಿಡಿದ ಬೇಟೆಯ ಮೈಬಿಸಿ ಎಷ್ಟಿರುತ್ತದೋ ಅಷ್ಟು ಬೆಚ್ಚಗಿರಲಿ. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ಇಟ್ಟು ಬೆರಳಲ್ಲಿ ಮುಟ್ಟಿ ನೋಡಿ ಕೊಡಿ. ಬಿಸಿಯಾದಾಗ ವಾಸನೆ ಏಳುತ್ತದೆ, ಬೆಕ್ಕು ಅರ್ಧ ಊಟ ಮೂಗಿನಲ್ಲೇ ಮಾಡುತ್ತದೆ. ಆಗಲೂ ತಿನ್ನಲಿಲ್ಲ ಅಂದರೆ ಅರ್ಧ ಗಂಟೆ ನೋಡಿ ಎತ್ತಿಬಿಡಿ, ಮಾಮೂಲಿ ಊಟ ಇಡಿ. "ಹಸಿವಾದರೆ ತಾನೇ ತಿನ್ನುತ್ತೆ" ಅನ್ನುವ ಮಾತು ನಾಯಿಗೆ ನಡೆದೀತು, ಬೆಕ್ಕಿಗೆ ಅಲ್ಲ. ಎರಡು ಮೂರು ದಿನ ಏನೂ ತಿನ್ನದಿದ್ದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಮೈಕೊಬ್ಬೆಲ್ಲ ಲಿವರಿಗೆ ಬಂದು ತುಂಬಿಕೊಂಡು ಜೀವಕ್ಕೇ ಅಪಾಯ. ಒಂದು ದಿನ ಪೂರ್ತಿ ಏನೂ ಮುಟ್ಟಲಿಲ್ಲ ಅಂದರೆ ಡಾಕ್ಟರಿಗೆ ಫೋನ್ ಮಾಡಿ.

ಕಿಡ್ನಿ, ಸಕ್ಕರೆ ಕಾಯಿಲೆ ಇರುವ ಬೆಕ್ಕಿಗೆ ಈ ಪುಟದ ಯಾವ ತಿಂಡಿಯನ್ನೂ ಕೇಳದೆ ಕೊಡಬೇಡಿ, ಮಾಂಸ-ಮೊಟ್ಟೆಯ ರಂಜಕ ಕಿಡ್ನಿಗೆ ಹೊರೆ.

ಮತ್ತೆ ಅವಮಾನದ ವಿಷಯ. ಕಾವಲಿ ಮುಂದೆ ಅರ್ಧ ಗಂಟೆ ನಿಂತು ಒಣಗಿಸಿದ ಕೋಳಿ ಎಳೆಗಳನ್ನು ನನ್ನ ಈಗಿನ ಬೆಕ್ಕು ಮೊದಲ ಸಲ ಕಾಲಲ್ಲಿ ತಳ್ಳಿ ಸೋಫಾ ಕೆಳಗೆ ಹಾಕಿತು. ರಾತ್ರಿ ಎರಡು ಗಂಟೆಗೆ ಅಲ್ಲಿಂದ ಕುರುಂ ಕುರುಂ ಕೇಳಿಸಿತು.